ಹೊಳೆಗೆ ಬಿಟ್ಟ ದಾರ

ಭಾನುವಾರ ಬೆಳಿಗ್ಗೆ ಶಾಂತಮೂರ್ತಿ ಹಿಟ್ಟಿನ ಡಬ್ಬಿಯನ್ನು ಸ್ಕೂಟರಿಗೆ ನೇತುಹಾಕುತ್ತಿದ್ದಾಗ ಅವನ ಅವ್ವ ದೊಡ್ಡಬಸಮ್ಮ ಇಸ್ತ್ರಿ ಸೀರೆಯುಟ್ಟು, ಚಪ್ಪಲಿ ಮೆಟ್ಟಿಕೊಂಡೇ ಜಗಲಿಗೆ ಬಂದಳು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. "ನಾನೂ ಬತ್ತೀನಿ ಕಣಪ್ಪ ಇವತ್ತು" ಎಂದಳು, ಅಂಗಡಿ ಬೀದಿಗೆ ಬರುತ್ತೇನೆ ಎನ್ನುವಷ್ಟು ಸಲೀಸಾಗಿ. ಶಾಂತಮೂರ್ತಿಗೆ ಆ ಕ್ಷಣಕ್ಕೆ ನೆನಪಾದದ್ದು ಹೊಳೆಯ ಪಾಚಿ. "ಬಂಡೆ ಜಾರ್ತದೆ ಕಣವ್ವ, ಎಲ್ಲಾ ಪಾಚಿ" ಎಂದ. "ನಿನ್ ಕಾಲ್ಗೆ ಜಾರ್ದಿದ್ ಬಂಡೆ ನನ್ ಕಾಲ್ಗೆ ಜಾರದಾ? ಕಣ್ ಬೇರೆ ಮಾಡುಸ್ಕೊಟ್ಟಿದ್ದೀಯ, ಈಗ ಇರುವೆ ಓಡಾಡದೂ ಕಾಣ್ತದೆ." ಅದೂ ನಿಜವೇ. ಪೊರೆ ತೆಗೆಸಿ ಹೊಸ ಲೆನ್ಸ್ ಹಾಕಿಸಿದ್ದು ಅವನೇ. ಹೆಂಡತಿ ಮಾಲಿನಿ ಬಾಗಿಲಿಗೆ ಬಂದು, "ಕರ್ಕೊಂಡೋಗ್ರಿ. ಅಜ್ಜಿನೇ ಕೈಯಾರ ಹಾಕ್ಬಂದ್ರು ಅಂದ್ರೆ ರಂಜನಿಗೂ ಒಂದು ಧೈರ್ಯ" ಅಂದುಬಿಟ್ಟಳು. ಒಳಕೋಣೆಯಿಂದ ಮಗಳು ಶಿವರಂಜನಿ ಮಲಗಿದ್ದಲ್ಲಿಂದಲೇ "ಊಂ, ಓಗ್ಬನ್ನಿ ಅಜ್ಜಿ" ಎಂದು ಕೂಗಿದಳು. ಮೂವರು ಹೆಂಗಸರು ಒಂದು ಮಾತಿಗೆ ನಿಂತ ಮೇಲೆ ಗಂಡಸಿನ ಪಾಚಿಯನ್ನು ಯಾರು ಕೇಳುತ್ತಾರೆ.

ಶಿವರಂಜನಿ ಬಾಣಂತನಕ್ಕೆಂದು ತೌರಿಗೆ ಬಂದು ಎಡಮಗ್ಗುಲಲ್ಲೇ ಮಲಗಿದ್ದಳು. ಮೊದಲ ಸಲ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಡಾಕ್ಟರು ಮೆಟ್ಟಿಲು ಹತ್ತಬೇಡ, ಬಗ್ಗಬೇಡ, ಯೋಚನೆ ಮಾಡಬೇಡ ಎಂದಿದ್ದರು. ಮೊದಲಿನೆರಡನ್ನು ಅವಳು ಪಾಲಿಸುತ್ತಿದ್ದಳು. ಮೂರನೆಯದನ್ನು ಅವಳ ಪರವಾಗಿ ಶಾಂತಮೂರ್ತಿ ಮುರಿಯುತ್ತಿದ್ದ. ಮಗು ಉಳಿಯಲಿ ಎಂದು ಅವ್ವ ಹೊತ್ತ ಹರಕೆ ಒಂದೇ: ವಾರ ತಪ್ಪದೆ ಕಾವೇರಿಯ ಮೀನುಗಳಿಗೆ ಹಿಟ್ಟು ಹಾಕಿಸುವುದು. ಭಾನುವಾರ ಮಿಂದು ಲಿಂಗಪೂಜೆ ಮುಗಿಸಿ, ರಾಗಿಹಿಟ್ಟಿಗೆ ಹುರಿಗಡಲೆ ಹಿಟ್ಟು, ಬೆಲ್ಲ, ಒಂದು ಚಮಚ ತುಪ್ಪ ಬೆರೆಸಿ, "ಮಾದಪ್ಪ, ನನ್ ಮೊಮ್ಮಗಳ ಒಟ್ಟೆ ತಣ್ಣಗಿರ್ಲಿ" ಎನ್ನುತ್ತ ಅವಳೇ ನಾದಿ ಉಂಡೆ ಕಟ್ಟಿ ಡಬ್ಬಿಗೆ ತುಂಬುತ್ತಿದ್ದಳು. ಶಾಂತಮೂರ್ತಿ ಅದನ್ನು ಒಯ್ದು ಗಾಳಕ್ಕೆ ಸಿಕ್ಕಿಸುತ್ತಿದ್ದ.

ಇದು ಶುರುವಾದದ್ದು ಹೀಗಲ್ಲ. ಮೊದಲು ಬಂದದ್ದು ಗಾಳ, ಆಮೇಲೆ ಹರಕೆ. ಲಿಂಗ ಕಟ್ಟಿದ ಮನೆಯವನು, ಮೊಟ್ಟೆ ಕಂಡರೆ ಆಚೆ ಬೀದಿಗೆ ಹೋಗುವವನು, ಗೊಬ್ಬರದಂಗಡಿ ಇಟ್ಟ ಮರ್ಯಾದಸ್ಥ, ಯಾವುದೋ ಒಂದು ಮಧ್ಯಾಹ್ನ ಪಕ್ಕದಂಗಡಿಯ ಮಹದೇವಯ್ಯನ ಜೊತೆ ಗುಂಡಾಲ್ ಕೆರೆಗೆ ಹೋಗಿ, ಅವನು ಬೀಡಿ ಹಚ್ಚಿಕೊಳ್ಳುವಾಗ ಕೈಗೆ ಕೊಟ್ಟ ಗಾಳದ ಕಡ್ಡಿಯನ್ನು ಸುಮ್ಮನೆ ಹಿಡಿದು ಕೂತಿದ್ದ. ಕೈಗೆ ಒಂದು ಎಳೆತ ಬಂತು. ನೀರಿನ ಕೆಳಗೆ, ಕಾಣದ ಜಾಗದಲ್ಲಿ, ಯಾರೋ ತನ್ನನ್ನು ಗುರುತು ಹಿಡಿದು ಜಗ್ಗಿದ ಹಾಗೆ. ಅಂಗಡಿಯಲ್ಲಿ, ಮನೆಯಲ್ಲಿ, ಸೊಸೈಟಿಯ ಮೀಟಿಂಗಿನಲ್ಲಿ ಅವನನ್ನು ಎಲ್ಲರೂ ಜಗ್ಗುವವರೇ, ಆದರೆ ಅದೆಲ್ಲ ಬೇರೆ. ಅವತ್ತಿನಿಂದ ಅವನಿಗೆ ಹುಚ್ಚು ಹತ್ತಿತು. ತಿನ್ನುವ ಆಸೆ ಒಂದಿಷ್ಟೂ ಇರಲಿಲ್ಲ, ಮೀನಿನ ನಾತಕ್ಕೆ ಈಗಲೂ ಮೂಗು ಮುಚ್ಚಿಕೊಳ್ಳುತ್ತಿದ್ದ. ಅದಕ್ಕೇ ಇಬ್ಬರ ನಡುವೆ ಒಂದು ಕ್ರಮ ಬೆಳೆದಿತ್ತು: ಎಸೆಯುವುದು, ಕಾಯುವುದು, ಎಳೆಯುವುದು ಶಾಂತಮೂರ್ತಿಯದು. ಎರೆಹುಳ ಬೇಕಾದರೆ ಸಿಕ್ಕಿಸುವುದು, ಮೇಲೆ ಬಂದ ಮೀನನ್ನು ಹಿಡಿದು ಗಾಳ ಬಿಡಿಸುವುದು, ಮನೆಗೆ ಒಯ್ಯುವುದು ಮಹದೇವಯ್ಯನದು. ಶಾಂತಮೂರ್ತಿಯ ಬೆರಳು ಇವತ್ತಿನವರೆಗೂ ಒಂದು ಮೀನನ್ನು ಮುಟ್ಟಿರಲಿಲ್ಲ. ಕೊಂದವನು ತಾನಲ್ಲ, ತಿಂದವನು ತಾನಲ್ಲ ಎಂಬ ಲೆಕ್ಕ ಹಗಲಿನಲ್ಲಿ ಸರಿಯಾಗಿಯೇ ಕೂಡಿಬರುತ್ತಿತ್ತು. ಕೂತ ಕೂಡಲೇ ಅವನು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬನಿಯನ್ನಿನೊಳಗೇ ಬೆನ್ನಿಗೆ ಸರಿಸಿಬಿಡುತ್ತಿದ್ದ. ಯಾಕೆ ಎಂದು ಮಹದೇವಯ್ಯ ಒಮ್ಮೆಯೂ ಕೇಳಲಿಲ್ಲ.

ಆಮೇಲೊಂದು ಸಲ ಉಗುರಿನಲ್ಲಿ ಒಣಗಿದ ಹಿಟ್ಟು ಕಂಡು ಅವ್ವ "ಏನ್ಲಾ ಇದು?" ಎಂದಾಗ "ಮೀನ್ಗೆ ಇಟ್ಟು ಆಕಿದ್ದೆ ಕಣವ್ವ" ಎಂದು ಬಾಯಿಗೆ ಬಂತು. ಸುಳ್ಳೆನ್ನಲಾಗದು, ನಿಜವೂ ಅಲ್ಲ. ಅವ್ವನ ಮುಖ ಅರಳಿದ್ದನ್ನು ನೋಡಿ ಅವನಿಗೆ ಮಾತು ವಾಪಸ್ ತೆಗೆದುಕೊಳ್ಳುವ ದಾರಿಯೇ ಕಾಣಲಿಲ್ಲ. ಮಗ ಪುಣ್ಯದ ದಾರಿ ಹಿಡಿದ ಸುದ್ದಿ ಬೀದಿಗೆಲ್ಲ ಹೋಯಿತು. ಮಠದ ಗುರುಪಾದಸ್ವಾಮಿಗಳ ಕಿವಿಗೂ ಬಿದ್ದು, ಅವರು ಪೂಜೆಯ ದಿನ ನಾಲ್ಕು ಜನರ ಮುಂದೆ ಅವನ ತಲೆ ಮುಟ್ಟಿ ಹರಸಿದರು. ಆ ಕೈ ತಲೆಯ ಮೇಲಿದ್ದಷ್ಟು ಹೊತ್ತೂ ಅವನ ಮನಸ್ಸಿನಲ್ಲಿದ್ದದ್ದು ಹಿಂದಿನ ವಾರ ಸಿಕ್ಕಿದ್ದ ಕಟ್ಲಾ ಮೀನು, ಹಾಗೂ ಕಟ್ಲಾ ಸಿಕ್ಕಿದ ಮಾರನೆಯ ದಿನವೇ ಮೈಸೂರಿನಿಂದ ಬಂದ ಅಳಿಯನ ಫೋನು. ಶಿವರಂಜನಿಯ ಮೊದಲ ಬಸಿರು ಇಳಿದುಹೋದದ್ದು ಅವತ್ತು. ಡಾಕ್ಟರು ಕಾರಣ ಹೇಳಿದ್ದರು, ಅವನು ತಲೆಯಾಡಿಸಿದ್ದ. ಎರಡಕ್ಕೂ ಎತ್ತಣಿಂದೆತ್ತ ಸಂಬಂಧ? ಇಲ್ಲ. ಇಲ್ಲವೆಂದು ಗೊತ್ತಿದ್ದೂ ಎರಡು ತಿಂಗಳು ಹೊಳೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಹೋದ. ಅವಳು ಎರಡನೇ ಸಲ ಬಸಿರಾದ ಮೇಲೂ ಹೋದ. ತನ್ನ ಬಗ್ಗೆ ಅವನಿಗೆ ಹೇಸಿಗೆಯಾಗುತ್ತಿದ್ದುದು ಇದಕ್ಕೇ: ಹೋಗದೆ ಇರಲಾಗದ ತನ್ನ ಕಾಲುಗಳಿಗೆ.

ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಹೋಗಿ ಮಹದೇವಯ್ಯನಿಗೆ ಫೋನು ಮಾಡಿದ. "ಅವ್ವ ಬತ್ತಾವ್ಳೆ. ಎಲ್ಲಾ ಎತ್ತಿಡು." ಆ ಕಡೆಯಿಂದ ನಗು. "ಅವ್ವಾರ್ಗೂ ಒಂದ್ ಕಡ್ಡಿ ಕಟ್ಟಾನಾ ಶಾಂತಣ್ಣ? ಅವ್ರ ಇಟ್ಗೆ ಬೀಳ್ದೆ ಇರೋ ಮೀನೇ ಇಲ್ಲ ಈ ಒಳೇಲಿ." "ಆಟ ಆಡ್ಬ್ಯಾಡ ಕಣಯ್ಯ, ನೀನು ಅಲ್ಲಿರ್ಲೇಬ್ಯಾಡ" ಎಂದ ಶಾಂತಮೂರ್ತಿ. "ಅವ್ವಾರು ಜಾರಿ ಬಿದ್ರೆ ಇಡ್ಕೊಳಕ್ ಯಾರಾರ ಬೇಕಲ್ಲ. ಗಾಡಿ ತೊಳೀತಾ ಇರ್ತೀನಿ ತಗಳಿ" ಎಂದು ಅವನು ಫೋನಿಟ್ಟ. ಮಹದೇವಯ್ಯನದು ಮೋಟಾರು ವೈಂಡಿಂಗ್ ಅಂಗಡಿ. ಲೊಕ್ಕನಹಳ್ಳಿ, ಹನೂರಿನ ಕಡೆಯಿಂದ ಸುಟ್ಟ ಪಂಪು ತಂದವರು ಅವನಲ್ಲಿ ಪಂಪು ಇಳಿಸಿ ಶಾಂತಮೂರ್ತಿಯ ಅಂಗಡಿಯಲ್ಲಿ ಬೀಜ ಕೊಳ್ಳುತ್ತಿದ್ದರು. ಮಹದೇವಯ್ಯನ ಅಪ್ಪ ಶಾಂತಮೂರ್ತಿಯ ಅಪ್ಪನ ಹೊಲದಲ್ಲಿ ಗೇಯ್ದವನು. ಜಗಲಿಯ ಕೆಳಗೆ ನಿಂತು ಟವೆಲನ್ನು ಕಂಕುಳಿಗೆ ಇರುಕಿಕೊಂಡು "ಬುದ್ಧಿ" ಎನ್ನುತ್ತಿದ್ದವನು. ಮಗ ಆ ಮಾತನ್ನು ಯಾವತ್ತೂ ಆಡಿದವನಲ್ಲ. ಅಂಗಡಿ ಸಾಲಿನಲ್ಲಿ ಶಾಂತಮೂರ್ತಿಯವರು, ಹೊಳೆಯ ಹತ್ತಿರ ಶಾಂತಣ್ಣ. ಪಾಲಾರಿನ ತನಕ ಹೋಗಿ ಏನೂ ಬೀಳದೆ ಬಿಸಿಲಲ್ಲಿ ಬೆಂದು ವಾಪಸ್ಸಾದ ದಿನ, ಯಳಂದೂರಿನ ಹತ್ತಿರ ಸುವರ್ಣಾವತಿಯ ಕೆಸರಲ್ಲಿ ಮೊಣಕಾಲವರೆಗೆ ಹೂತು ಇಬ್ಬರೂ ಒಬ್ಬರನ್ನೊಬ್ಬರು ಎಳೆದುಕೊಂಡ ದಿನ, ಆ 'ಶಾಂತಣ್ಣ' ಶಾಂತಮೂರ್ತಿಗೆ ಮನೆಯಲ್ಲಿ ಸಿಗದ ಒಂದು ಹೆಸರಾಗಿತ್ತು.

ಸ್ಕೂಟರಿನ ಹಿಂದೆ ಅವ್ವ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತು ಅವನ ಭುಜ ಹಿಡಿದುಕೊಂಡಳು. ಅವಳ ಬೆರಳು ಇದ್ದದ್ದು ಸರಿಯಾಗಿ ಕರಡಿಗೆ ಕಟ್ಟಿದ ಶಿವದಾರ ಹಾದುಹೋಗುವ ಕಡೆ. ಅದು ಅವಳೇ ಹೊಸೆದ ದಾರ. ಪ್ರತಿವರ್ಷ ಶಿವರಾತ್ರಿಗೆ ಮುಂಚೆ ನೇಯುವವರ ಮನೆಯಿಂದ ರೇಷ್ಮೆ ಎಳೆ ತಂದು, ಮೊಣಕಾಲ ಮೇಲೆ ಉಜ್ಜಿ ಉಜ್ಜಿ ಹೊಸೆದು, ಬಿಳಿಯ ನಡುವೆ ಕೆಂಪಿನದೊಂದು ಎಳೆ ಸೇರಿಸಿ ಮನೆಮಂದಿಗೆಲ್ಲ ಹೊಸ ಶಿವದಾರ ಮಾಡುತ್ತಿದ್ದಳು. ಕೆಂಪು ಎಳೆ ಅವಳ ಗುರುತು. ಕೊಳ್ಳೇಗಾಲದಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಹಳೆಯ ದಾರಗಳನ್ನು ಎಲ್ಲೆಂದರಲ್ಲಿ ಬಿಸಾಡುವಂತಿಲ್ಲ, ತುಳಿಯುವಂತಿಲ್ಲ. ಅವನ್ನು ಎಲೆಯಲ್ಲಿ ಸುತ್ತಿ, "ಒಳೆಗೆ ಬುಡಪ್ಪ" ಎಂದು ಇವನ ಕೈಗೇ ಕೊಡುತ್ತಿದ್ದಳು. ಬಂಡೆಯ ಮೇಲೆ ಕೂತು ಆ ಸುರುಳಿ ಬಿಚ್ಚಿ ನೋಡಿದ ದಿನ ಶಾಂತಮೂರ್ತಿಗೆ ಅನಿಸಿದ್ದು ಇಷ್ಟೇ: ಎಂಥ ಗಟ್ಟಿ ದಾರ. ರೇಷ್ಮೆ ನೀರಿನಲ್ಲಿ ನೆನೆದಷ್ಟೂ ಬಿಗಿಯುತ್ತದೆ. ಗಾಳದ ಕುತ್ತಿಗೆಗೆ ಸುತ್ತಿ ನೈಲಾನಿಗೆ ಬಿಗಿದರೆ ಗಂಟು ಜಾರುವ ಮಾತೇ ಇಲ್ಲ. ಅದನ್ನು ಕಂಡು ಮಹದೇವಯ್ಯ "ಇದ್ಯಾಕ್ ಶಾಂತಣ್ಣ, ಬ್ಯಾಡ. ತಾಮ್ರದ ತಂತಿ ಕೊಡ್ತೀನಿ" ಎಂದಿದ್ದ. "ಎಂಗಿದ್ರೂ ಒಳೆಗೇ ಓಯ್ತದಲ್ಲ" ಎಂದಿದ್ದ ಇವನು. ಅವ್ವ ಹೇಳಿದ್ದು ಹೊಳೆಗೆ ಬಿಡು ಎಂದು ತಾನೆ, ಬಿಟ್ಟಂತೆಯೇ ಆಯಿತು. ಈಗ ಭುಜದ ಮೇಲೆ ಅವಳ ಕೈ ಇರುವಾಗ ಆ ಜಾಣತನ ನೆನೆದರೆ ನಾಚಿಕೆಯಾಗುತ್ತಿತ್ತು. ಹಳ್ಳ ಬಂದಾಗಲೆಲ್ಲ ಅವ್ವ ಭುಜವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು.

ದಾಸನಪುರ ದಾಟಿ, ಕಬ್ಬಿನ ಗದ್ದೆಯ ನಡುವಿನ ಮಣ್ಣು ದಾರಿ ಮುಗಿದಲ್ಲಿ ಹೊಂಗೆಮರದ ಕೆಳಗೆ ಮಹದೇವಯ್ಯ ಹೇಳಿದ ಹಾಗೆ ಗಾಡಿ ತೊಳೆಯುತ್ತಿದ್ದ. ತೊಳೆದ ಗಾಡಿಯನ್ನೇ ಮತ್ತೆ ತೊಳೆಯುತ್ತಿದ್ದ. "ಏನವ್ವಾರೆ, ಈ ಕಡೆ ಬಂದ್ಬುಟ್ರಿ" ಎಂದು ಕೈಮುಗಿದ. "ಒಳ್ಳೇ ಕೆಲ್ಸಕ್ಕೆ ಬಂದಿವ್ನಿ ಕಣಯ್ಯ" ಎಂದಳು ಅವ್ವ. ಕಡ್ಡಿಗಳು ಎಲ್ಲಿವೆಯೋ ಎಂದು ಶಾಂತಮೂರ್ತಿಯ ಕಣ್ಣು ಪೊದೆಗಳನ್ನೆಲ್ಲ ಸುತ್ತಿ ಬಂತು. ಬಂಡೆ ಹತ್ತುತ್ತಲೇ ಅವನ ಬಲಗೈ ತನ್ನ ಪಾಡಿಗೆ ತಾನು ಅಂಗಿಯೊಳಗೆ ಹೋಗಿ ಕರಡಿಗೆಯನ್ನು ಬೆನ್ನಿನ ಕಡೆ ತಳ್ಳಿತು. ಅವ್ವ ತಿರುಗಿ ನೋಡಿದಳು. "ಯಾಕ್ಲಾ?" "ಬೆವರು ಕಣವ್ವ." ಮಾಗಿ ಚಳಿ ಇನ್ನೂ ಬಿಟ್ಟಿರಲಿಲ್ಲ. ಅವನು ಕರಡಿಗೆಯನ್ನು ಮತ್ತೆ ಮುಂದಕ್ಕೆ ತಂದುಕೊಂಡ.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂಡೆಯ ಅಂಚಿನಲ್ಲಿ ಕೂತು, ಮೊದಲ ಉಂಡೆಯನ್ನು ಮುರಿದು ನೀರಿಗೆ ಹಾಕುವ ಮೊದಲೇ ಮೀನುಗಳು ಬಂದವು. ಎರಡಲ್ಲ, ನಾಕಲ್ಲ. ನೀರು ಕಪ್ಪಗಾಗಿ ಕದಡುವಷ್ಟು. ಜಿಲೇಬಿ ಮೀನು, ಗೆಂಡೆ, ಬೆರಳುದ್ದದ ಮರಿಗಳು, ಎಲ್ಲ ಬಾಯಿ ತೆರೆದುಕೊಂಡು ಬಂಡೆಯ ಬುಡಕ್ಕೇ ನುಗ್ಗಿದವು. ವಾರವಾರವೂ ಮೊದಲು ನಾಕು ಹಿಡಿ ಹಿಟ್ಟು ಚೆಲ್ಲಿ ಮೀನನ್ನು ಪಳಗಿಸಿ, ಆಮೇಲೆ ಗಾಳ ಬಿಡುವುದು ಅವರಿಬ್ಬರ ಪದ್ಧತಿ. ಬಂಡೆಯ ಮೇಲೆ ನೆರಳಾಡಿದರೆ ಸಾಕು, ಬರುತ್ತಿದ್ದವು. ಅವ್ವನಿಗೆ ಇದೊಂದೂ ತಿಳಿಯದು. ಅವಳ ಕಣ್ಣಲ್ಲಿ ನೀರು ತುಂಬಿತು. "ನೋಡ್ಲಾ, ನೋಡ್ಲಾ ಶಾಂತ, ನೀನ್ ಬಂದಿದ್ದು ಅವ್ಕೆ ಗೊತ್ತಾಯ್ತದೆ! ಮೂಕ್ ಪ್ರಾಣಿ, ಅನ್ನ ಇಕ್ಕಿದ ಕೈಯ ಮರೆಯಾಕಿಲ್ಲ." ಮಹದೇವಯ್ಯ ಗಾಡಿಯ ಚಕ್ರದ ಕಡೆ ಮುಖ ತಿರುಗಿಸಿಕೊಂಡ. ಅವ್ವ ರಂಜನಿಯ ಹೆಸರು ಹೇಳಿ ಒಂದುಂಡೆ, ಹುಟ್ಟುವ ಕೂಸಿನ ಹೆಸರಿಗೊಂದು, ಸತ್ತುಹೋದದ್ದರ ಹೆಸರಿಗೂ ಒಂದು ಹಾಕಿದಳು. ಅದಕ್ಕೆ ಹೆಸರಿರಲಿಲ್ಲ, "ಅದ್ಕೂ ಒಂದು" ಎಂದಳು ಅಷ್ಟೆ. ಶಾಂತಮೂರ್ತಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಇದು ಹೀಗೇ ಮುಗಿದುಹೋದರೆ ಸಾಕು, ಇನ್ನು ಗಾಳ ಮುಟ್ಟುವುದಿಲ್ಲ ಎಂದುಕೊಂಡ. ಹೀಗೆ ಅಂದುಕೊಂಡದ್ದು ಇದು ಮೊದಲ ಸಲವಲ್ಲ.

"ಅಲ್ನೋಡು, ಅದೊಂದಕ್ಕೆ ಬರಕಾಯ್ತಿಲ್ಲ" ಎಂದಳು ಅವ್ವ. ಬಂಡೆಯ ಆಚೆ ಮಗ್ಗುಲಿಗೆ, ಹೊಂಗೆಯ ಬೇರು ನೀರಿಗಿಳಿದಿದ್ದಲ್ಲಿ, ಮೊಳದುದ್ದದ ಒಂದು ಗೆಂಡೆ ಹಿಟ್ಟಿನ ಕಡೆ ಬರಲು ನುಗ್ಗುತ್ತಿತ್ತು, ಅಷ್ಟರಲ್ಲಿ ಯಾರೋ ಹಿಂದಕ್ಕೆ ಎಳೆದಂತೆ ಪಕ್ಕಕ್ಕೆ ಹೊರಳುತ್ತಿತ್ತು. ಮತ್ತೆ ನುಗ್ಗುತ್ತಿತ್ತು. ಬೇರಿಗೆ ನೈಲಾನು ದಾರ ಸುತ್ತಿಕೊಂಡಿತ್ತು. ದಾರದ ಇನ್ನೊಂದು ತುದಿ ಅದರ ಬಾಯಲ್ಲಿತ್ತು. ಶಾಂತಮೂರ್ತಿಗೆ ಗುರುತು ಸಿಕ್ಕಿತು. ಹೋದ ವಾರ ದಾರ ಕಿತ್ತುಕೊಂಡು ಹೋದದ್ದು ಇದೇ. ಅವತ್ತು ಊಟ ಮಾಡುವಾಗಲೂ ಅದೇ ಎಳೆತ ಕೈಯಲ್ಲಿತ್ತು, ಎಂಥಾ ಮೀನು ತಪ್ಪಿಹೋಯಿತು ಎಂದು ನಾಲ್ಕು ದಿನ ಹೊಟ್ಟೆ ಉರಿದುಕೊಂಡಿದ್ದ. ಅದು ತಪ್ಪಿಸಿಕೊಂಡಿರಲಿಲ್ಲ. ವಾರಪೂರ್ತಿ ಇಲ್ಲೇ ಕಟ್ಟಿಹಾಕಿದ ಕರುವಿನಂತೆ ಸುತ್ತುತ್ತಿತ್ತು.

"ಯಾವ ಪಾಪಿ ಮಾಡಿದ್ ಕೆಲ್ಸನೋ. ಬುಡುಸ್ಲಾ ಅದ್ನ" ಎಂದಳು ಅವ್ವ. ಶಾಂತಮೂರ್ತಿ ಏಳುವುದರೊಳಗೆ ಮಹದೇವಯ್ಯ ಪ್ಯಾಂಟು ಮಡಿಸಿಕೊಂಡು ನೀರಿಗೆ ಇಳಿದಿದ್ದ. ಬೇರಿಗೆ ಸುತ್ತಿದ್ದ ನೈಲಾನು ಬಿಡಿಸಿ, ಟವೆಲಿನಲ್ಲಿ ಮೀನನ್ನು ಸುತ್ತಿ ಮೇಲಕ್ಕೆತ್ತಿ, "ಇರ್ಲಿ ಶಾಂತಣ್ಣ, ನಿಮ್ಗೆ ಬಿಡ್ಸಕ್ ಬರಲ್ಲ" ಎಂದ, ಎಂದಿನಂತೆ, ಯೋಚನೆಯಿಲ್ಲದೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವ್ವ ಒಮ್ಮೆ ಅವನನ್ನು, ಒಮ್ಮೆ ಮಗನನ್ನು ನೋಡಿದಳು. "ಅವ್ನೇ ಬುಡುಸ್ಲಿ ಕಣಯ್ಯ. ಮಗಳ ಎಸ್ರಲ್ಲಿ ಮಾಡ ಕೆಲ್ಸ" ಎಂದಳು.

ಶಾಂತಮೂರ್ತಿ ಮೊದಲ ಸಲ ಮೀನನ್ನು ಮುಟ್ಟಿದ. ಅದು ತಣ್ಣಗಿರುತ್ತದೆಂದು ಗೊತ್ತಿತ್ತು, ಆದರೆ ಒಳಗೆ ಇಷ್ಟು ಜೋರಾಗಿ ಬಡಿದುಕೊಳ್ಳುತ್ತದೆಂದು ಗೊತ್ತಿರಲಿಲ್ಲ. ಗಾಳ ತುಟಿಯನ್ನು ಸೀಳಿ ಆಚೆ ಬಂದು, ಸುತ್ತ ಬಿಳಿಚಿಕೊಂಡಿತ್ತು. ಒತ್ತಿದ, ತಿರುಗಿಸಿದ, ಬರಲಿಲ್ಲ. ಮೀನು ಬಾಯಿ ತೆರೆದು ಮುಚ್ಚಿತು. ಇವನ ಬಾಯೂ ತೆರೆದುಕೊಂಡಿತು. ಮಹದೇವಯ್ಯ ತುಟಿಯಲ್ಲೇ "ಇಂದಕ್ ತಳ್ಳಿ" ಎಂದ. ಹಿಂದಕ್ಕೆ ತಳ್ಳಿದಾಗ ಗಾಳ ಬಂತು, ಅದರ ಜೊತೆ ಒಂದು ಚೂರು ತುಟಿಯೂ ಬಂತು. ಮೀನನ್ನು ನೀರಿಗೆ ಬಿಟ್ಟರೆ ಅದು ಕ್ಷಣ ಮಗ್ಗುಲಾಗಿ ತೇಲಿ, ಆಮೇಲೆ ನೆಟ್ಟಗಾಗಿ ಆಳಕ್ಕೆ ಹೋಯಿತು. ಹಿಟ್ಟಿನ ಕಡೆ ಬರಲಿಲ್ಲ. ಅವನು ಗಾಳವನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳುವ ಮೊದಲು ಅವ್ವ ಕೈ ಚಾಚಿದಳು. "ಕೊಡು ಇಲ್ಲಿ. ಕಾಲ್ಗೆ ಚುಚ್ಚೀತು ಯಾರ್ಗಾರ."

ಅಂಗೈಯಲ್ಲಿಟ್ಟುಕೊಂಡು ಅವ್ವ ನೋಡಿದಳು. ಇರುವೆ ಕಾಣುವ ಕಣ್ಣು. ಗಾಳದ ಕುತ್ತಿಗೆಗೆ ಒತ್ತೊತ್ತಾಗಿ ಸುತ್ತಿದ ರೇಷ್ಮೆ ದಾರ, ಬಿಳಿಯ ನಡುವೆ ಕೆಂಪಿನದೊಂದು ಎಳೆ. ಹೆಬ್ಬೆರಳಿನ ಉಗುರಿನಿಂದ ಆ ಸುತ್ತುಗಳ ಮೇಲೆ ಒಮ್ಮೆ ಎಳೆದಳು. ಹೊಳೆಗೆ ಬಿಟ್ಟ ದಾರ ತನ್ನಷ್ಟಕ್ಕೆ ತಾನು ಹೋಗಿ ಗಾಳಕ್ಕೆ ಹೀಗೆ ಸುತ್ತಿಕೊಳ್ಳುವುದಿಲ್ಲ. ಶಾಂತಮೂರ್ತಿ ಅವಳ ಮುಖ ನೋಡಲಾಗದೆ ಪಾದ ನೋಡುತ್ತಿದ್ದ. ಬೈಯಲಿ, ಕೆನ್ನೆಗೆ ಹೊಡೆಯಲಿ, ಐವತ್ತು ದಾಟಿದ ಮಗನೆಂದು ನೋಡದೆ ಹೊಡೆಯಲಿ ಎಂದು ಬೇಡಿಕೊಂಡ. ಅವ್ವ ಬೈಯಲಿಲ್ಲ. ತುದಿ ಹುಡುಕಿ, ಉಗುರಿನಿಂದ ಎಬ್ಬಿಸಿ, ಒಂದೊಂದೇ ಸುತ್ತು ಬಿಚ್ಚತೊಡಗಿದಳು. ಬಹಳ ಹೊತ್ತು ಹಿಡಿಯಿತು. ಬಿಚ್ಚಿದ ದಾರವನ್ನು ಕಣ್ಣಿಗೊತ್ತಿಕೊಂಡು ಹರಿಯುವ ನೀರಿಗೆ ಬಿಟ್ಟಳು. ಬರಿಯ ಗಾಳವನ್ನು ಮಗನ ಅಂಗೈಗೆ ಹಾಕಿದಳು. "ದಾರ ನಂದು. ಇದು ನಿಂದು" ಎಂದಳು.

ಆಗಲೇ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನ ಕೈಯೆಲ್ಲ ಲೋಳೆ. ಅವ್ವನೇ ತೆಗೆದುಕೊಂಡಳು, ಮಹದೇವಯ್ಯ ಒತ್ತಿಕೊಟ್ಟ. ರಂಜನಿಯ ದನಿ ಮೂವರಿಗೂ ಕೇಳಿಸಿತು. "ಆಕಿದ್ರಾ ಅಜ್ಜಿ? ಮೀನು ಬಂದ್ವಾ?" ಅವ್ವ ಫೋನನ್ನು ಬಾಯಿಯ ಹತ್ತಿರಕ್ಕೆ ಹಿಡಿದಳು. ಅವಳು ಸುಳ್ಳು ಹೇಳಿದ್ದನ್ನು ಶಾಂತಮೂರ್ತಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಬಂದೊ ಕಣವ್ವ. ರಾಶಿ ಬಂದೊ. ನಿಮ್ಮಪ್ಪನ್ ಕಂಡ್ರೆ ಓಡೋಡಿ ಬತ್ತವೆ. ಒಂದ್ ಮೀನ್ಗೆ ಗಾಳ ಸಿಕ್ಕಾಕ್ಕೊಂಡಿತ್ತು, ನಿಮ್ಮಪ್ಪನೇ ಬುಡ್ಸಿ ಬುಟ್ಟ." "ಅಯ್ಯೋ! ಯಾರಜ್ಜಿ ಗಾಳ ಆಕಿದ್ದು?" ಅವ್ವ ಹೊಳೆಯ ಆಚೆ ದಡದ ಕಡೆ ನೋಡಿದಳು. "ಯಾರೋ ಕಣವ್ವ. ತಿನ್ನೋ ಜನ. ನಮ್ಮೋರಲ್ಲ ಬುಡು."

ಮಹದೇವಯ್ಯ ಟವೆಲು ಹಿಂಡುತ್ತಿದ್ದವನು ಕೈ ನಿಲ್ಲಿಸಿದ. ಆಮೇಲೆ ಮತ್ತೆ ಹಿಂಡಿದ. ನಾನೇ ಎನ್ನಬೇಕು ಎಂದುಕೊಂಡ ಶಾಂತಮೂರ್ತಿ. ಫೋನು ಇಟ್ಟ ಮೇಲಾದರೂ, ಇಲ್ಲಿರುವ ಇಬ್ಬರ ಮುಂದೆಯಾದರೂ, ಗೆಂಡೆ ನನ್ನದು, ಗಾಳ ನನ್ನದು, ದಾರ ಬೇಡವೆಂದವನು ಇವನು ಎನ್ನಬೇಕು. ಎರಡು ಮಾತು. ಬಂಡೆಯ ಮೇಲೆ ಹೇಳಿದರೆ ಕೇಳುವವರಾದರೂ ಯಾರು? ಅವ್ವ ಎಲ್ಲ ತಿಳಿದವಳು, ಮಹದೇವಯ್ಯನೂ ತಿಳಿದವನು. ತಿಳಿದಿರುವುದನ್ನು ಹೇಳುವುದು ಯಾಕೆ, ಅವ್ವನ ಮಾನ ಯಾಕೆ ತೆಗೆಯುವುದು, ನಾಳೆ ಅಂಗಡಿಯಲ್ಲಿ ಟೀ ತರಿಸಿದಾಗ ಸಮಾಧಾನವಾಗಿ ಹೇಳಿದರಾಯಿತು. ಹೀಗೆ ಲೆಕ್ಕ ಸರಿಹೋಗುತ್ತಿರುವಷ್ಟರಲ್ಲಿ ಅವ್ವ ಫೋನನ್ನು ಅವನ ಜೇಬಿಗೆ ಇಳಿಸಿ, ಖಾಲಿ ಡಬ್ಬಿಯನ್ನು ನೀರಲ್ಲಿ ಅಲ್ಲಾಡಿಸಿ, ಮುಚ್ಚಳ ಹಾಕಿದಳು. ಹೊತ್ತು ಮೀರಿಹೋಗಿತ್ತು.

ಮಹದೇವಯ್ಯ ಒದ್ದೆ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಗಾಡಿಯ ಹತ್ತಿರ ಹೋದ. ಏನೋ ನೆನಪಾದವನಂತೆ ಟವೆಲನ್ನು ಹೆಗಲಿಂದ ತೆಗೆದು ಕಂಕುಳಿಗೆ ಇರುಕಿಕೊಂಡ. ಅವ್ವನಿಗೆ ಕೈಮುಗಿದ. ಆಮೇಲೆ ಶಾಂತಮೂರ್ತಿಯ ಕಡೆ ತಿರುಗಿದ. ಮುಖದಲ್ಲಿ ಕೋಪವಿರಲಿಲ್ಲ.

"ಬತ್ತೀನಿ ಬುದ್ಧಿ" ಎಂದ.